ಗ್ರಂಥಾಲಯಾಚಾರ್ಯ ರಂಗನಾಥನ್

ಪ್ರತಿ ಸಂವತ್ಸರದ ಆಗಸ್ಟ್ 12ನೆಯ ತಾರೀಖಿನಂದು ನಮ್ಮ ದೇಶದ ಗ್ರಂಥಪಾಲಕರು ತಮ್ಮ ತಮ್ಮ ಸಂಸ್ಥೆಗಳಲ್ಲಿ ಒಂದು ಭಾವಚಿತ್ರಕ್ಕೆ ಹೂಮಾಲೆಯನ್ನು ಹಾಕಿ, ನಾಲ್ಕು ಮಾತುಗಳನ್ನಾಡಿ, ಮನೆಗೆ ತೆರಳುತ್ತಾರೆ. ಆ ಭಾವಚಿತ್ರದ ಮಹನೀಯರು ತಮ್ಮ ಬಾಳಿನ ಸಂಧ್ಯಾಕಾಲವನ್ನು ನಮ್ಮ ಈ ಬೆಂಗಳೂರಿನಲ್ಲಿಯೇ ಕಳೆದು, ಇಲ್ಲಿಯೇ ದೇಹವನ್ನು ಬಿಟ್ಟರೆಂಬುದು, ಬಸವನಗುಡಿಯ ವಾಚನಾಲಯಗಳಲ್ಲಿ ದಿನವೂ ಪ್ರಾತಃಕಾಲ ಪತ್ರಿಕೆಯನ್ನು ಬಿಡಿಸಿ ಕುಳಿತುಕೊಳ್ಳುವ ಸಭ್ಯರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ನಾವು ಕಾಣೆವು. ಶಿಯಾಳಿ ರಾಮಾಮೃತ ರಂಗನಾಥನ್ ಎಂಬ ಹೆಸರು ಪರದೇಶಗಳ ವಿದ್ವನ್ಮಂಡಲಿಗಳಲ್ಲಿ ಪಡೆದಿರುವ ಗೌರವದ ಕಾಲುಭಾಗವನ್ನಾದರೂ ಸ್ವದೇಶದಲ್ಲಿ ಪಡೆದಿಲ್ಲವೆಂಬುದು ವಿಷಾದದ ಸಂಗತಿ. ಆದಕಾರಣ ಅವರ ಜೀವನವೃತ್ತಾಂತವನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲಿಗೆ ಒಂದು ಮಾತು. ಪುಸ್ತಕಭಂಡಾರವೆಂದರೆ ವಿದ್ಯಾರ್ಥಿಗಳಿಗೂ ವಿಶ್ರಾಂತಿವೇತನವನ್ನು ಪಡೆಯುವ ವೃದ್ಧರಿಗೂ ಸಂಬಂಧಪಟ್ಟ ವಿಷಯವೆಂದು ನಮ್ಮ ಅಧಿಕಾರಿವರ್ಗದವರಲ್ಲಿ ಒಂದು ಭಾವನೆಯುಂಟು. ಇದು ತಪ್ಪು. ರಾಜ್ಯಭಾರವೆಂಬುದು ಈಗ ವರದಿ, ಅಂಕಿಅಂಶ, ಶಾಸನ, ಸಮಿತಿಗಳ ಶಿಫಾರಸು ಇವುಗಳ ಮೇಲೆಯೇ ನಡೆಯತಕ್ಕದ್ದು. ಹತ್ತು ವರ್ಷಗಳ ಹಿಂದೆ ತಾನೇ ನೇಮಿಸಿದ ಸಮಿತಿಯು ಬರೆದುದೇನೆಂಬುದನ್ನು ತಿಳಿಯಲಾರದ ಸರ್ಕಾರವು ಅದೇ ವಿಷಯಕ್ಕೆ ಇನ್ನೊಂದು ಸಮಿತಿಯನ್ನು ನೇಮಿಸಿ, ಅದೇ ಹಣವನ್ನು ಎರಡನೆಯ ಸಲ ವೆಚ್ಚಮಾಡುತ್ತದೆ. ಒಂದು ದೇಶದಲ್ಲಿ ಕಟ್ಟಿದ ಅಣೆಕಟ್ಟಿನ, ತಡೆದ ಸಾಂಕ್ರಾಮಿಕದ, ಸೋತ ಯೋಜನೆಯ ಅನುಭವವು ಇನ್ನೊಂದು ದೇಶದ ಕಚೇರಿಗೆ ತಲಪಬೇಕಾದರೆ, ಎರಡು ಕಡೆಯ ಪುಸ್ತಕಭಂಡಾರಗಳೂ ಪರಸ್ಪರ ಅರ್ಥವಾಗುವ ಒಂದು ಕ್ರಮವನ್ನು ಅನುಸರಿಸಬೇಕು. 1886ರಲ್ಲಿಯೇ ಬ್ರಸೆಲ್ಸ್ ನಗರದಲ್ಲಿ ಕೆಲವು ರಾಜ್ಯಗಳವರು ಸೇರಿ ಸರ್ಕಾರಿ ಪ್ರಕಟಣೆಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವ ಒಪ್ಪಂದಗಳನ್ನು ಮಾಡಿಕೊಂಡರು. ಆದರೆ ಮೂಟೆಗಟ್ಟಲೆ ಬಂದು ಬಿದ್ದ ಪುಸ್ತಕಗಳಲ್ಲಿ ಬೇಕಾದುದನ್ನು ಬೇಕಾದ ಹೊತ್ತಿಗೆ ತೆಗೆಯುವುದು ಹೇಗೆಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಆ ಪ್ರಶ್ನೆಗೆ ಉತ್ತರವನ್ನು ಕೊಡಲು ಯತ್ನಿಸಿದವರಲ್ಲಿ ಅಗ್ರಗಣ್ಯರು ನಮ್ಮ ರಂಗನಾಥನ್.

ಅವರು 1892ರ ಆಗಸ್ಟ್ ತಿಂಗಳಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಆರು ವರ್ಷದ ಬಾಲಕನಾಗಿದ್ದಾಗಲೇ ಪಿತೃವಿಯೋಗವಾಯಿತು. ಊರಿನ ಹಿಂದೂ ಹೈಸ್ಕೂಲಿನಲ್ಲಿ ಓದಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿ, 1916ರಲ್ಲಿ ಗಣಿತಶಾಸ್ತ್ರದಲ್ಲಿ ಎಂ.ಎ. ಪದವಿಯನ್ನು ಪಡೆದರು. ಅಲ್ಲಿ ಪ್ರೊಫೆಸರ್ ರಾಸ್ ಎಂಬ ಗುರುಗಳ ಮೇಲೆ ಅವರಿಗುಂಟಾದ ಭಕ್ತಿ ಕೊನೆಯವರೆಗೂ ಕುಂದಲಿಲ್ಲ. ಬಾಲ್ಯದಿಂದಲೂ ಅವರಿಗೆ ಮಾತಿನಲ್ಲಿ ತೊದಲುವಿಕೆಯಿತ್ತು. ಅಂಥವರು ಉಪಾಧ್ಯಾಯ ವೃತ್ತಿಯನ್ನೇ ಆರಿಸಿಕೊಂಡು, ಆ ದೋಷವನ್ನು ಸತತ ಪ್ರಯತ್ನದಿಂದ ಗೆದ್ದುಕೊಂಡರೆಂಬುದು ಅವರ ಮನೋದಾರ್ಢ್ಯಕ್ಕೆ ಮೊದಲನೆಯ ಸಾಕ್ಷಿ. 1917ರಲ್ಲಿ ಅವರಿಗೆ ಮೊದಲು ಕೆಲಸ ದೊರೆತದ್ದು ಕನ್ನಡನಾಡಿನ ಮಂಗಳೂರಿನಲ್ಲಿ, ಅಲ್ಲಿಯ ಸರ್ಕಾರಿ ಕಾಲೇಜಿನಲ್ಲಿ. ಅನಂತರ ಕೊಯಮತ್ತೂರಿನಲ್ಲಿದ್ದು, 1921ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದರು.

ಅವರು ಗ್ರಂಥಪಾಲಕರಾದ ಕಥೆ ವಿನೋದಕರವಾದುದು. ಮದರಾಸು ವಿಶ್ವವಿದ್ಯಾನಿಲಯದವರು ತಮ್ಮ ಗ್ರಂಥಾಲಯಕ್ಕೆ ಮುಖ್ಯಸ್ಥರನ್ನು ನೇಮಿಸುವುದಾಗಿ ಪ್ರಕಟಿಸಿದಾಗ ನೂರಾರು ಅರ್ಜಿಗಳು ಬಂದವು. ಅರ್ಜಿದಾರರಲ್ಲಿ ಆ ಶಾಸ್ತ್ರವನ್ನು ಕಲಿತವರು ಒಬ್ಬರೂ ಇರಲಿಲ್ಲ. ಅಧ್ಯಾಪಕರ ಸಂಬಳಕ್ಕಿಂತ ಹೆಚ್ಚಿನ ಸಂಬಳವೆಂಬ ಕಾರಣದಿಂದ, ಸ್ನೇಹಿತರ ಒತ್ತಾಯದ ಮೇಲೆ, ರಂಗನಾಥನ್ ಅವರೂ ಅರ್ಜಿಯನ್ನು ಹಾಕಿದ್ದರು. ಸಂದರ್ಶನಕ್ಕೆ ಮುಂಚೆ ಅವರು ಈ ವಿಷಯದಲ್ಲಿ ಓದಿದ್ದುದು ವಿಶ್ವಕೋಶವೊಂದರ ಲೇಖನವನ್ನು ಮಾತ್ರ. ಆದರೂ ಕೆಲಸ ಅವರಿಗೇ ಆಯಿತು. 1924ರ ಜನವರಿಯಲ್ಲಿ ಅಧಿಕಾರವನ್ನು ವಹಿಸಿಕೊಂಡ ಅವರಿಗೆ ಒಂದು ವಾರದಲ್ಲಿಯೇ ಬೇಸರ ಹಿಡಿಯಿತು. ಓದುವವರು ಬಾರದ ಆ ಕಟ್ಟಡದಲ್ಲಿ ಪುಸ್ತಕಗಳ ನಡುವೆ ಒಬ್ಬರೇ ಕುಳಿತಿರುವುದು ಏಕಾಂತ ಸೆರೆವಾಸದಂತೆ ತೋರಿ, ಹಳೆಯ ಕೆಲಸವನ್ನು ಮರಳಿ ಕೊಡಬೇಕೆಂದು ಕಾಲೇಜಿನ ಪ್ರಿನ್ಸಿಪಾಲರಲ್ಲಿಗೆ ಹೋದರು. ಇಂಗ್ಲೆಂಡಿಗೆ ಹೋಗಿ ಆ ಶಾಸ್ತ್ರವನ್ನು ಕಲಿತು ಬಂದಮೇಲೂ ಮನಸ್ಸು ಒಪ್ಪದಿದ್ದರೆ ಆಗ ನೋಡೋಣವೆಂದು ಪ್ರಿನ್ಸಿಪಾಲರು ಸಮಾಧಾನವನ್ನು ಹೇಳಿ ಕಳುಹಿಸಿದರು. ಆ ಸಮಾಧಾನದ ಮಾತಿನಿಂದ ಭಾರತದ ಗ್ರಂಥಾಲಯಗಳ ಚರಿತ್ರೆಯೇ ತಿರುಗಿತು.

1924ರ ಕೊನೆಯಲ್ಲಿ ಲಂಡನ್ನಿಗೆ ಹೋದ ಅವರು ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಅವರ ಶಿಷ್ಯರಾದರು. ತರಗತಿಯಲ್ಲಿ ಕುಳಿತಿದ್ದುದಕ್ಕಿಂತ ಹೆಚ್ಚಾಗಿ ಅವರು ಆ ದೇಶವನ್ನು ಸುತ್ತಿ ನೂರಕ್ಕೂ ಮೇಲ್ಪಟ್ಟ ಪುಸ್ತಕಭಂಡಾರಗಳನ್ನು ಕಣ್ಣಾರೆ ಕಂಡರು. ಕಾರ್ಮಿಕರೂ ಮಕ್ಕಳೂ ಹೆಂಗಸರೂ ಅಲ್ಲಿ ನಿಸ್ಸಂಕೋಚವಾಗಿ ಬಂದು ಪುಸ್ತಕಗಳನ್ನು ಮನೆಗೆ ಕೊಂಡೊಯ್ಯುವುದನ್ನು ನೋಡಿದಾಗ, ಸ್ವದೇಶದ ಬೀಗ ಹಾಕಿದ ಬೀರುಗಳು ಅವರ ಕಣ್ಣಿಗೆ ಕಟ್ಟಿದವು. ಅದರ ಜೊತೆಗೆ ಇನ್ನೊಂದನ್ನೂ ಅವರು ಗಮನಿಸಿದರು. ಒಂದೊಂದು ಭಂಡಾರವೂ ಪುಸ್ತಕಗಳನ್ನು ಒಂದೊಂದು ರೀತಿಯಲ್ಲಿ ವಿಂಗಡಿಸುತ್ತಿತ್ತು. ಬಹುಮಂದಿ ಅನುಸರಿಸುತ್ತಿದ್ದ ಅಮೆರಿಕದ ಡ್ಯೂಯಿಯವರ ದಶಾಂಶ ಕ್ರಮದಲ್ಲಿಯೂ ಜ್ಞಾನವನ್ನೆಲ್ಲಾ ಮೊದಲೇ ಗೂಡುಗಳಾಗಿ ಹಂಚಿಬಿಟ್ಟಿದ್ದರು. ಹೊಸ ವಿಷಯ ಹುಟ್ಟಿದರೆ ಅದಕ್ಕೆ ಗೂಡಿಲ್ಲ. ನಮ್ಮ ದೇಶದ ವಿಚಾರಗಳಿಗೆ ಇದ್ದ ಗೂಡುಗಳಂತೂ ಬಲು ಇಕ್ಕಟ್ಟಾದವು.

ಒಂದು ದಿನ ಲಂಡನ್ನಿನ ಸೆಲ್ಫ್ರಿಜ್ ಎಂಬ ದೊಡ್ಡ ಅಂಗಡಿಯಲ್ಲಿ ಮೆಕ್ಯಾನೋ ಎಂಬ ಆಟದ ಸಾಮಾನನ್ನು ಅವರು ಕಂಡರು. ಲೋಹದ ಪಟ್ಟಿಗಳನ್ನೂ ತಿರುಪುಮೊಳೆಗಳನ್ನೂ ಬೇರೆಬೇರೆಯಾಗಿ ಜೋಡಿಸಿ ಅದರಿಂದ ಸೇತುವೆಯನ್ನೂ ಗಾಡಿಯನ್ನೂ ಕಟ್ಟಬಹುದು. ಪುಸ್ತಕಗಳ ವಿಷಯಗಳನ್ನೂ ಹೀಗೆಯೇ ಏಕೆ ಕಟ್ಟಬಾರದೆಂಬ ಯೋಚನೆ ಅವರಿಗೆ ಮಿಂಚಿತು. ಉದಾಹರಣೆಗೆ, ಮಂಡ್ಯದ ಸೀಮೆಯಲ್ಲಿ ಒಂದು ಕಾಲದಲ್ಲಿ ಕಬ್ಬಿಗೆ ತಗಲಿದ ರೋಗದ ನಿವಾರಣೆಯನ್ನು ಕುರಿತ ವರದಿಯೊಂದಿದೆಯೆಂದಿಟ್ಟುಕೊಳ್ಳೋಣ. ಬೆಳೆ ಯಾವುದು, ರೋಗ ಯಾವುದು, ಮಾಡಿದ ಕ್ರಿಯೆ ಯಾವುದು, ದೇಶ ಯಾವುದು, ಕಾಲ ಯಾವುದು ಎಂಬ ಮುಖಗಳಿಗೆ ಪ್ರತ್ಯೇಕವಾಗಿ ಅಂಕಗಳನ್ನು ಕೊಟ್ಟು, ನಡುವೆ ವಿರಾಮಚಿಹ್ನೆಗಳನ್ನಿಟ್ಟು ಜೋಡಿಸಿದರೆ, ಆ ವರದಿಗೆ ತನ್ನದೇ ಆದ ಸ್ಥಾನ ದೊರೆಯುತ್ತದೆ. ಕಬ್ಬನ್ನು ಹುಡುಕುವವನಿಗೂ ಮಂಡ್ಯವನ್ನು ಹುಡುಕುವವನಿಗೂ ಅದು ಸಿಕ್ಕುತ್ತದೆ. ಆ ಚಿಹ್ನೆಗಳಲ್ಲಿ ಮೊದಲನೆಯದು ಕೋಲನ್ ಎಂಬ ಎರಡು ಚುಕ್ಕೆಗಳಾದ್ದರಿಂದ ಆ ಕ್ರಮಕ್ಕೆ ಕೋಲನ್ ವರ್ಗೀಕರಣವೆಂದೇ ಹೆಸರಾಯಿತು. 1925ರಲ್ಲಿ ಹಡಗಿನಲ್ಲಿ ಹಿಂದಿರುಗುವಾಗಲೇ ಅವರು ಅದನ್ನು ಪ್ರಯೋಗಿಸಿ ನೋಡಿದರು. ಗ್ರಂಥರೂಪದಲ್ಲಿ ಅದು 1933ರಲ್ಲಿ ಹೊರಬಿತ್ತು.

ಮದರಾಸಿಗೆ ಮರಳಿದಮೇಲೆ ಹಳೆಯ ಕೆಲಸದ ಮಾತನ್ನು ಅವರು ಎತ್ತಲಿಲ್ಲ. ಮುಂದಿನ ಎರಡು ದಶಕಗಳ ಕಾಲ ರಜವನ್ನು ತೆಗೆದುಕೊಳ್ಳದೆ, ದಿನಕ್ಕೆ ಹದಿಮೂರು ಗಂಟೆಗಳಂತೆ ದುಡಿದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಬೀರುಗಳ ಬೀಗ ತೆಗೆದು, ಓದುಗರು ತಾವೇ ಪುಸ್ತಕಗಳ ಬಳಿಗೆ ಹೋಗಿ ಆರಿಸಿಕೊಳ್ಳುವಂತೆ ಮಾಡಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘವನ್ನು ಸ್ಥಾಪಿಸಿದರು. 1931ರಲ್ಲಿ ತಮ್ಮ ಐದು ಸೂತ್ರಗಳನ್ನು ಗ್ರಂಥವಾಗಿ ಪ್ರಕಟಿಸಿದರು. ಪುಸ್ತಕವಿರುವುದು ಬಳಸುವುದಕ್ಕಾಗಿ ಎಂಬುದು ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕವೂ, ಪ್ರತಿಯೊಂದು ಪುಸ್ತಕಕ್ಕೂ ಅದಕ್ಕೆ ತಕ್ಕ ಓದುಗನೂ ದೊರೆಯಬೇಕೆಂಬುದು ಎರಡನೆಯ ಮತ್ತು ಮೂರನೆಯ ಸೂತ್ರಗಳು. ಓದುಗನ ಹೊತ್ತು ಹಾಳಾಗಬಾರದೆಂಬುದು ನಾಲ್ಕನೆಯದು. ಗ್ರಂಥಾಲಯವು ಜೀವಿಯಂತೆ ಬೆಳೆಯುವ ವಸ್ತುವೆಂಬುದು ಐದನೆಯದು. ಕೇಳುವುದಕ್ಕೆ ಇವು ಬಹು ಸಾಮಾನ್ಯವಾದ ಮಾತುಗಳು. ಆದರೆ ನಮ್ಮ ಯಾವುದೇ ಕಚೇರಿಯ ದಫ್ತರಕೋಣೆಯೊಳಕ್ಕೆ ಹೋಗಿ ಈ ಐದನ್ನು ಒಂದೊಂದಾಗಿ ಒರೆಹಚ್ಚಿ ನೋಡಿದರೆ ಅವುಗಳ ತೂಕ ತಿಳಿದೀತು.

1945ರಲ್ಲಿ ಅವರು ಮದರಾಸನ್ನು ಬಿಟ್ಟು, ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಆಹ್ವಾನದ ಮೇಲೆ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ಒಬ್ಬರೇ ವರ್ಗೀಕರಿಸಿದರೆಂಬುದು ಪ್ರಸಿದ್ಧವಾಗಿದೆ. 1947ರಲ್ಲಿ ಸರ್ ಮಾರಿಸ್ ಗ್ವೈಯರ್ ಅವರ ಆಹ್ವಾನದಂತೆ ದೆಹಲಿಗೆ ಬಂದರು. ದೇಶ ಸ್ವತಂತ್ರವಾದ ಆ ಸಮಯದಲ್ಲಿ ಅವರ ಕಾರ್ಯಕ್ಷೇತ್ರವೂ ರಾಷ್ಟ್ರದ ಎಲ್ಲೆಯನ್ನು ಮೀರಿತು.

1948ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯವರು ತಮ್ಮ ಗ್ರಂಥಾಲಯವು ಹೇಗಿರಬೇಕೆಂಬುದನ್ನು ಆಲೋಚಿಸುವುದಕ್ಕಾಗಿ ನಾನಾ ದೇಶಗಳ ಪರಿಣತರ ಸಲಹಾಸಮಿತಿಯೊಂದನ್ನು ನ್ಯೂಯಾರ್ಕಿನ ಸಮೀಪದ ಲೇಕ್ ಸಕ್ಸೆಸ್ ಎಂಬಲ್ಲಿ ಸೇರಿಸಿದರು. ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬದ ಭಾರತದಿಂದ ಆ ಸಮಿತಿಗೆ ಕರೆಯಲ್ಪಟ್ಟವರು ರಂಗನಾಥನ್. ಮುಂದೆ ಇದ್ದ ಪ್ರಶ್ನೆ ಸಣ್ಣದಲ್ಲ. ನಾನಾ ರಾಷ್ಟ್ರಗಳ ಪ್ರತಿನಿಧಿಗಳು ಸಭೆಗೆ ಹೋಗುವ ಮುನ್ನ ತಮಗೆ ಬೇಕಾದ ಶಾಸನವನ್ನೋ ಅಂಕಿಅಂಶವನ್ನೋ ಕೇಳುತ್ತಾರೆ. ಅದು ತಕ್ಷಣ ಸಿಕ್ಕಬೇಕು. ಅದಕ್ಕಾಗಿ ಲೋಕದ ಪುಸ್ತಕಗಳನ್ನೆಲ್ಲಾ ಒಂದೇ ಕಡೆ ಗುಡ್ಡೆಹಾಕಬೇಕೆ, ಅಥವಾ ಅನ್ಯ ಗ್ರಂಥಾಲಯಗಳಲ್ಲಿರುವುದನ್ನು ಎರವಾಗಿ ತರಿಸಿಕೊಳ್ಳುವ ಏರ್ಪಾಡನ್ನು ಮಾಡಿಕೊಳ್ಳಬೇಕೆ? ಮಾರನೆಯ ವರ್ಷ, ಎಂದರೆ 1949ರಲ್ಲಿ, ವಿಶ್ವಸಂಸ್ಥೆಯು ಗೊತ್ತುಮಾಡಿಕೊಂಡ ಧೋರಣೆಯು ಎರಡನೆಯ ಪಕ್ಷವನ್ನೇ ಹಿಡಿಯಿತು. ಸಂಗ್ರಹಕ್ಕಿಂತ ಸೇವೆ ಮುಖ್ಯ, ಶೀಘ್ರತೆಯೂ ಮಿತವ್ಯಯವೂ ಮುಖ್ಯ ಎಂಬುದು ಅದರ ಸಾರ. ಅದು ಸಮಿತಿಯ ಹಲವರ ಮತ್ತು ಅಧಿಕಾರಿಗಳ ಒಟ್ಟು ಆಲೋಚನೆಯ ಫಲವೇ ಹೊರತು ಒಬ್ಬರ ಕೃತಿಯೆಂದು ನಾವು ಹೇಳುವುದಿಲ್ಲ. ಆದರೂ ರಂಗನಾಥನ್ ಅವರ ಮೊದಲನೆಯ ಮತ್ತು ನಾಲ್ಕನೆಯ ಸೂತ್ರಗಳನ್ನು ಬಲ್ಲವರಿಗೆ ಆ ಧೋರಣೆಯು ಪರಿಚಿತವಾಗಿಯೇ ಕಾಣುವುದು. ಡ್ಯಾಗ್ ಹ್ಯಾಮರ್ಷೋಲ್ಡ್ ಅವರ ಹೆಸರನ್ನು ಹೊತ್ತು 1961ರ ನವೆಂಬರಿನಲ್ಲಿ ಪ್ರಾರಂಭವಾದ ವಿಶ್ವಸಂಸ್ಥೆಯ ಗ್ರಂಥಾಲಯಕ್ಕೆ ಆ ಧೋರಣೆಯೇ ತಳಹದಿಯಾಗಿತ್ತು.

ಯೂರೋಪಿನಲ್ಲಿಯೂ ಅವರಿಗೆ ಮನ್ನಣೆ ದೊರೆಯಿತು. ಜ್ಞಾನಸೂಚಿಗಳ ವಿಷಯದಲ್ಲಿ ದೇಶಗಳನ್ನು ಒಂದುಗೂಡಿಸಲು 1895ರಲ್ಲಿ ಬ್ರಸೆಲ್ಸಿನಲ್ಲಿ ಹುಟ್ಟಿದ ಸಂಸ್ಥೆಯೊಂದು ಮುಂದೆ ಅಂತರರಾಷ್ಟ್ರೀಯ ಡಾಕ್ಯುಮೆಂಟೇಷನ್ ಒಕ್ಕೂಟವೆಂಬ ಹೆಸರನ್ನು ತಳೆದಿತ್ತು. ಅದರ ವರ್ಗೀಕರಣ ಶಾಖೆಗೆ 1951ರಿಂದ 1961ರವರೆಗೆ ಪ್ರಧಾನ ನಿರೂಪಕರಾಗಿದ್ದವರು ರಂಗನಾಥನ್. ಲಂಡನ್ನಿನಲ್ಲಿ 1952ರಲ್ಲಿ ಕೂಡಿದ ವರ್ಗೀಕರಣ ಸಂಶೋಧಕರ ಮಂಡಲಿಯು ಅವರ ಮುಖವಿಭಾಗ ತತ್ತ್ವವನ್ನೇ ಆಧಾರವಾಗಿ ಅಂಗೀಕರಿಸಿತು. 1957ರಲ್ಲಿ ಇಂಗ್ಲೆಂಡಿನ ಡಾರ್ಕಿಂಗ್ ಎಂಬಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಅದಕ್ಕೆ ಇನ್ನಷ್ಟು ಬಲವನ್ನು ತಂದಿತು. ಮೂವತ್ತು ವರ್ಷಗಳ ಹಿಂದೆ ಶಿಷ್ಯರಾಗಿ ಹೋಗಿದ್ದ ದೇಶಕ್ಕೆ ಅವರು ಗುರುವಾಗಿ ಮರಳಿದರು. ಸ್ವದೇಶದಲ್ಲಿ ಯುನೆಸ್ಕೋ ಸಹಾಯದಿಂದ 1952ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ವೈಜ್ಞಾನಿಕ ಮಾಹಿತಿಕೇಂದ್ರದ ಹಿಂದೆಯೂ ಅವರ ಒತ್ತಾಸೆಯಿತ್ತು. ಈ ಮಧ್ಯೆ ಬ್ರಸೆಲ್ಸಿನ ಹಳೆಯ ಒಪ್ಪಂದಗಳಿಗೆ ಉತ್ತರಾಧಿಕಾರಿಯಾಗಿ, ಸರ್ಕಾರಿ ಪ್ರಕಟಣೆಗಳ ವಿನಿಮಯವನ್ನು ಕುರಿತ ಹೊಸ ಒಡಂಬಡಿಕೆಯನ್ನು ಯುನೆಸ್ಕೋ 1958ರಲ್ಲಿ ಪ್ಯಾರಿಸಿನಲ್ಲಿ ಅಂಗೀಕರಿಸಿತು. ಕೊಡುಕೊಳೆಗೆ ಕಾನೂನಿನ ಹಾದಿಯನ್ನು ರಾಜ್ಯಗಳು ಹಾಕಿದವು. ಬಂದುದನ್ನು ಹುಡುಕಿ ತೆಗೆಯುವ ಶಾಸ್ತ್ರದ ಹಾದಿಯನ್ನು ರಂಗನಾಥನ್ ಅವರಂಥವರು ಹಾಕಿದರು.

1955ರಿಂದ 1957ರವರೆಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿದ್ದು ಗ್ರಂಥರಚನೆಯನ್ನು ಮಾಡಿಕೊಂಡಿದ್ದ ಅವರು ಸ್ವದೇಶಕ್ಕೆ ಮರಳಿ, ಕೆಲಕಾಲ ಉಜ್ಜಯಿನಿಯಲ್ಲಿ ಪಾಠ ಹೇಳಿ, ತಮ್ಮ ವಾರ್ಧಕ್ಯಕ್ಕೆ ಬೆಂಗಳೂರನ್ನು ಆರಿಸಿಕೊಂಡರು. ಆದರೆ ಅದು ವಿಶ್ರಾಂತಿಯ ವಾರ್ಧಕ್ಯವಾಗಿರಲಿಲ್ಲ. 1962ರಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಮಹಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಡಾಕ್ಯುಮೆಂಟೇಷನ್ ಸಂಶೋಧನೆ ಮತ್ತು ಶಿಕ್ಷಣ ಕೇಂದ್ರವನ್ನು ಇಲ್ಲಿ ಸ್ಥಾಪಿಸಿದರು. ಮಲ್ಲೇಶ್ವರದಲ್ಲಿ ನಡೆಯುತ್ತಿದ್ದ ಆ ಕೇಂದ್ರವು ಅನಂತರ ಮೈಸೂರು ರಸ್ತೆಯ ಸಂಸ್ಥೆಯ ಆವರಣಕ್ಕೆ ಹೋಯಿತು. ಸಂಶೋಧನಾಲಯಗಳಿಗೂ ಕೈಗಾರಿಕೆಗಳಿಗೂ ಸರ್ಕಾರದ ಇಲಾಖೆಗಳಿಗೂ ಬೇಕಾದ ಮಾಹಿತಿಯನ್ನು ಒದಗಿಸಬಲ್ಲ ತರುಣರನ್ನು ತಯಾರುಮಾಡುವುದೇ ಅದರ ಉದ್ದೇಶ. ಪರದೇಶಗಳ ವಿದ್ವಾಂಸರಿಗೂ ಮಲ್ಲೇಶ್ವರದ ವಿಳಾಸ ಪರಿಚಿತವಾಯಿತು. 1965ರಲ್ಲಿ ಭಾರತ ಸರ್ಕಾರವು ಅವರಿಗೆ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರೆಂಬ ಗೌರವವನ್ನು ನೀಡಿತು. ಪದ್ಮಶ್ರೀ ಪ್ರಶಸ್ತಿ 1957ರಲ್ಲಿಯೇ ಬಂದಿತ್ತು. 1964ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯವು ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು.

ಸ್ವಂತ ಜೀವನದಲ್ಲಿ ಅವರು ಖಾದಿಯನ್ನುಟ್ಟ ಸರಳರು. ಕೂಡಿಟ್ಟ ಹಣದಲ್ಲಿ ಒಂದು ಲಕ್ಷ ರೂಪಾಯಿಗಳನ್ನು, ತಮ್ಮ ಧರ್ಮಪತ್ನಿಯಾದ ಶಾರದಾ ಅವರ ಹೆಸರೂ ಸೇರಿರುವಂತೆ, ಗ್ರಂಥಾಲಯಶಾಸ್ತ್ರದ ಪ್ರಾಧ್ಯಾಪಕ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ದಾನಮಾಡಿದರು. ಬೆಂಗಳೂರಿನಲ್ಲಿಯೂ ಆಕೆಯ ಹೆಸರು ಸೇರಿದ ದತ್ತಿಯೊಂದನ್ನು ಸ್ಥಾಪಿಸಿ, ತಮ್ಮ ಗ್ರಂಥಗಳಿಂದ ಬರುವ ಆದಾಯವನ್ನು ಅದಕ್ಕೆ ಬಿಟ್ಟುಕೊಟ್ಟರು. 1972ರ ಸೆಪ್ಟೆಂಬರ್ 27ರಂದು ಈ ನಗರದಲ್ಲಿಯೇ ಅವರು ಕಾಲವಾದರು.

ಗುಣವನ್ನು ಹೇಳಿದಮೇಲೆ ಕೊರತೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಅವರ ಕೋಲನ್ ಕ್ರಮವನ್ನು ಲೋಕವು ಹೊಗಳಿತೇ ವಿನಾ ಬಹುವಾಗಿ ಬಳಸಲಿಲ್ಲ. ಒಂದೊಂದು ಆವೃತ್ತಿಯಲ್ಲಿಯೂ ಅವರು ಅದನ್ನು ತಿದ್ದುತ್ತಿದ್ದುದರಿಂದ, ಮೊದಲೇ ಪುಸ್ತಕಗಳಿಗೆ ಸಂಖ್ಯೆಯನ್ನು ಬರೆದಿದ್ದ ಗ್ರಂಥಪಾಲಕರು ಕಷ್ಟಕ್ಕೆ ಸಿಕ್ಕಿದರು. ಚಿಹ್ನೆಗಳ ಸಾಲು ಸಾಮಾನ್ಯ ಓದುಗನಿಗೆ ಬೀಜಗಣಿತದಂತೆ ಕಾಣುತ್ತಿತ್ತು. ಇಂದಿಗೂ ನಮ್ಮ ಬಹುತೇಕ ಗ್ರಂಥಾಲಯಗಳು ಡ್ಯೂಯಿಯವರ ಹಾದಿಯಲ್ಲಿಯೇ ಇವೆ. ಆದರೆ ಕ್ರಮವು ಹಿಂದುಳಿದರೂ ತತ್ತ್ವವು ಗೆದ್ದಿತು. ಈ ಕಾಲದ ಗಣಕಯಂತ್ರದ ಪರದೆಯ ಮೇಲೆ ಬೆಲೆ, ಬಣ್ಣ, ಅಳತೆ, ತಯಾರಕರು ಎಂದು ಮುಖಮುಖವಾಗಿ ಆರಿಸುತ್ತ ವಸ್ತುವನ್ನು ಹುಡುಕುವ ಗೃಹಸ್ಥನು, ತನಗೆ ತಿಳಿಯದೆಯೇ ಶಿಯಾಳಿಯ ಈ ಗಣಿತಜ್ಞರ ತತ್ತ್ವವನ್ನೇ ಬಳಸುತ್ತಿದ್ದಾನೆ.

ಈಗ ನಮ್ಮ ರಾಜ್ಯದ ಮಾತಿಗೆ ಬರೋಣ. ಸರ್ಕಾರದ ಪುಸ್ತಕಭಂಡಾರವೊಂದು ಲೋಕಕ್ಕೆ ಏನನ್ನು ಕೊಡಬಲ್ಲುದೆಂಬುದು ಮೈಸೂರಿಗೆ ಹೊಸ ಪಾಠವೇನೂ ಅಲ್ಲ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಸೇರಿದ ತಾಳೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಹೊರತೆಗೆದು 1909ರಲ್ಲಿ ಅಚ್ಚುಮಾಡಿಸಿದಾಗ, ಜರ್ಮನಿಯ ಪಂಡಿತರೂ ಇಂಗ್ಲೆಂಡಿನ ಪಂಡಿತರೂ ಅದರತ್ತ ತಿರುಗಿ ನೋಡಿದರು. ರಾಜ್ಯಭಾರವನ್ನು ಕುರಿತ ಗ್ರಂಥವೇ ಸರ್ಕಾರದ ಭಂಡಾರದಿಂದ ಲೋಕಕ್ಕೆ ದೊರೆತದ್ದು ಅರ್ಥಗರ್ಭಿತವಾದುದು. ರಂಗನಾಥನ್ ಅವರು 1930ರಲ್ಲಿ ಕಾಶಿಯ ಸಮ್ಮೇಳನವೊಂದರಲ್ಲಿ ಮಂಡಿಸಿದ ಮಾದರಿ ಮಸೂದೆಯ ಜಾಡಿನಲ್ಲಿ 1948ರಲ್ಲಿ ಮದರಾಸಿನ ಶಾಸನವೂ, ಮುಂದೆ 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಶಾಸನವೂ ಬಂದವು. ಗೃಹಸ್ಥನು ಸಲ್ಲಿಸುವ ಆಸ್ತಿತೆರಿಗೆಯ ಜೊತೆಯಲ್ಲಿ ಗ್ರಂಥಾಲಯ ಕರವೂ ಸಂದಾಯವಾಗುವಂತೆ ಆ ಶಾಸನ ವಿಧಿಸಿತು. ಪುಸ್ತಕಭಂಡಾರವು ಯಾರ ಕೃಪೆಯನ್ನೂ ಬೇಡದೆ ತನ್ನ ಹಕ್ಕಿನ ಹಣದಿಂದ ಬದುಕಬೇಕೆಂಬುದು ಅದರ ಇಂಗಿತ. ಹೀಗಿರಲು, ಪ್ರಜೆಗಳಿಂದ ವಸೂಲಾದ ಕರವು ಪೂರ್ತಿಯಾಗಿ ಗ್ರಂಥಾಲಯಗಳ ಕೈಸೇರುತ್ತಿಲ್ಲವೆಂಬ ದೂರು ಈ ನಗರದಲ್ಲಿ ವರ್ಷಗಳಿಂದ ಮತ್ತೆ ಮತ್ತೆ ಕೇಳಿಬಂದಿದೆ. ಪುಸ್ತಕಕ್ಕೆಂದು ಕೊಟ್ಟ ಹಣವನ್ನು ಬೇರೊಂದು ಬಾಬಿಗೆ ಹಿಡಿದಿಟ್ಟುಕೊಳ್ಳುವುದು, ದೇವರ ಹುಂಡಿಯ ಹಣದಿಂದ ಮನೆಯ ಸಾಲವನ್ನು ತೀರಿಸಿದಂತೆ.

ನಮ್ಮ ಸಲಹೆಗಳು ಮೂರು. ಗ್ರಂಥಾಲಯ ಕರವು ವಸೂಲಾದ ವರ್ಷದಲ್ಲಿಯೇ ಸಲ್ಲತಕ್ಕ ಕಡೆಗೆ ಸಲ್ಲಲಿ. ರಾಜ್ಯದ ಪ್ರತಿಯೊಂದು ಇಲಾಖೆಯೂ ತಾನು ಅಚ್ಚುಮಾಡಿಸಿದ ವರದಿಯ ಪ್ರತಿಗಳನ್ನು ಶಾಸನಸಭೆಯ ಗ್ರಂಥಾಲಯಕ್ಕೂ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೂ ತಪ್ಪದೆ ಒಪ್ಪಿಸಿ, ಅವುಗಳ ಸೂಚಿಯನ್ನು ಕನ್ನಡದಲ್ಲಿಯೂ ಪ್ರಕಟಿಸಲಿ. ಪರರಾಜ್ಯ ಪರದೇಶಗಳ ಸರ್ಕಾರಿ ಗ್ರಂಥಾಲಯಗಳೊಡನೆ ಕೊಡುಕೊಳೆಯನ್ನು ನಡೆಯಿಸುವುದಕ್ಕೆ ಒಬ್ಬ ಶಿಕ್ಷಿತ ಗ್ರಂಥಪಾಲಕನನ್ನು ಪ್ರತ್ಯೇಕವಾಗಿ ನೇಮಿಸಲಿ. ಅಂಥವರನ್ನು ತಯಾರುಮಾಡುವ ಕೇಂದ್ರವು ಇದೇ ನಗರದಲ್ಲಿರುವಾಗ ಜನ ಸಿಕ್ಕುವುದಿಲ್ಲವೆಂಬ ನೆವಕ್ಕೆ ಎಡೆಯಿಲ್ಲ.

ಡಿ.ವಿ.ಜಿ.ಯವರು 1945ರಲ್ಲಿ ಸಾರ್ವಜನಿಕ ವಿಷಯಗಳ ಅಧ್ಯಯನಕ್ಕಾಗಿಯೇ ಗೋಖಲೆ ಸಂಸ್ಥೆಯನ್ನು ಈ ಬಸವನಗುಡಿಯ ಭಾಗದಲ್ಲಿ ಕಟ್ಟಿದರು. ಸರ್ಕಾರದ ಕಾಗದಗಳನ್ನು ಓದಬಲ್ಲ ಪ್ರಜೆಯಿಲ್ಲದೆ ಸ್ವರಾಜ್ಯವು ಹೆಸರಿಗೆ ಮಾತ್ರ ಉಳಿಯುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಆ ಕಾಗದಗಳು ಪ್ರಜೆಗೂ ಅಧಿಕಾರಿಗೂ ಕೈಗೆಟುಕುವಂತೆ ಮಾಡುವ ವಿದ್ಯೆಯನ್ನು ಮಲ್ಲೇಶ್ವರದಲ್ಲಿ ಕುಳಿತು ಲೋಕಕ್ಕೆ ಬೋಧಿಸಿದವರು ರಂಗನಾಥನ್. ಬರುವ ಆಗಸ್ಟ್ ತಿಂಗಳಲ್ಲಿ ಅವರ ಭಾವಚಿತ್ರಕ್ಕೆ ಮಾಲೆಯನ್ನು ಹಾಕುವ ಮುನ್ನ, ನಮ್ಮ ಅಧಿಕಾರಿಗಳು ತಮ್ಮ ಕಚೇರಿಯ ದಫ್ತರಕೋಣೆಯ ಬಾಗಿಲನ್ನು ಒಮ್ಮೆ ತೆರೆದು, ಕಳೆದ ಹತ್ತು ವರ್ಷಗಳ ವರದಿಗಳಲ್ಲಿ ಒಂದನ್ನು ಹೆಸರು ಹೇಳಿ ಕೇಳಲಿ. ಅದು ಎಷ್ಟು ಹೊತ್ತಿನಲ್ಲಿ ಕೈಗೆ ಬಂದಿತೆಂಬುದೇ ಆ ಮಹನೀಯರಿಗೆ ನಾವು ಸಲ್ಲಿಸಿರುವ ಗೌರವದ ಅಳತೆ.